ಗ್ಲೋರೂಟ್ ಸೋರ್ಸ್‌ನಿಂದ ಬಿಲ್ಡ್ ಮಾಡಿ ಓಡಿಸಿದ್ದು, ನನ್ನ ರಿವ್ಯೂ

ನಮ್ ಜಾವಾ ಅಪ್ಲಿಕೇಶನ್‌ನಲ್ಲಿ ಒಂದು ಪೇಜ್ ಯಾವಾಗ್ಲೂ ಸ್ಲೋ. ಡೇಟಾಬೇಸ್ ನೋಡ್ಕೊಳ್ಳೋರು ಕ್ವೆರಿ ಎಲ್ಲಾ ಫಾಸ್ಟಾಗೇ ಓಡ್ತಿದೆ ಅಂತಿದ್ರು, ನಾವು ಕೋಡ್‌ನಲ್ಲಿ ಏನೂ ತಪ್ಪಿಲ್ಲ ಅಂತಿದ್ವಿ, ಲಾಗ್ ಫೈಲ್‌ಗಳಲ್ಲಿ ಹುಡುಕಿ ಹುಡುಕಿ ಮೂರು ವಾರ ಕಳೀತು, ಏನೂ ಸಿಗ್ಲಿಲ್ಲ. ಆಮೇಲೆ ಗ್ಲೋರೂಟ್ ಹಾಕಿದ್ವಿ, ಒಂದೇ ಮಧ್ಯಾಹ್ನಕ್ಕೆ ವಿಷಯ ಬಯಲಾಯ್ತು. ಇದೇ ಪಾಡು ಪಡ್ತಿರೋರು ತುಂಬಾ ಜನ ಇರ್ತಾರೆ, ಅವ್ರಿಗೋಸ್ಕರ ಬರೀತಿದೀನಿ.

ಗ್ಲೋರೂಟ್ ಅಂದ್ರೆ ಜಾವಾಗೆ ಅಂತಲೇ ಇರೋ ಓಪನ್ ಸೋರ್ಸ್ ಎಪಿಎಂ ಟೂಲು (ಓಡ್ತಿರೋ ಅಪ್ಲಿಕೇಶನ್ ಎಲ್ಲಿ ಎಷ್ಟು ಹೊತ್ತು ತಗೊಳ್ತಿದೆ ಅಂತ ಅಳೆಯೋದು), ಅಪಾಚೆ 2.0 ಲೈಸೆನ್ಸು. ರೆಡಿ ಜಿಪ್ ಇಳಿಸ್ಕೊಂಡು ಬಳಸ್ಬಹುದು, ಬಿಲ್ಡ್ ಮಾಡ್ಲೇಬೇಕು ಅಂತೇನಿಲ್ಲ. ಆದ್ರೆ ಇದು ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸೋ ಎಂಜಿನ್) ಒಳಗೇ ಕೂತು ಕ್ಲಾಸ್‌ಗಳು ಲೋಡ್ ಆಗೋವಾಗ ಅವುಗಳ ಬೈಟ್‌ಕೋಡನ್ನೇ, ಅಂದ್ರೆ ಕಂಪೈಲ್ ಆದ ಕೋಡನ್ನೇ ತಿದ್ದುತ್ತೆ, ಅಂಥದ್ದನ್ನ ಪ್ರೊಡಕ್ಷನ್‌ಗೆ ಹಾಕೋ ಮೊದ್ಲು ಸೋರ್ಸ್ ಒಂದ್ಸಲ ಕಣ್ಣಾರೆ ನೋಡ್ಬೇಕು ಅನ್ನಿಸ್ತು. ಮೇವನ್ ಅನ್ನೋ ಬಿಲ್ಡ್ ಟೂಲಿನ ಪ್ರಾಜೆಕ್ಟು, ಕ್ಲೋನ್ ಮಾಡಿ ಕ್ಲೀನ್ ಇನ್‌ಸ್ಟಾಲ್ ಕೊಟ್ರೆ ಆಯ್ತು. ಮೊದಲ ಸಲ ಡಿಪೆಂಡೆನ್ಸಿ ಎಲ್ಲಾ ಇಳಿಯೋಕೆ ತುಂಬಾ ಹೊತ್ತು ಹಿಡಿಯುತ್ತೆ, ಟೆಸ್ಟ್ ಜೊತೆ ಓಡಿಸಿದ್ರೆ ಇನ್ನೂ ಹೊತ್ತು, ಅವಸರ ಇದ್ರೆ ಟೆಸ್ಟ್ ಸ್ಕಿಪ್ ಮಾಡಿ. ನನಗೆ ಇಷ್ಟ ಆಗಿದ್ದು ಪ್ಲಗಿನ್ ಫೋಲ್ಡರು: ಜೆಡಿಬಿಸಿ (ಜಾವಾದಿಂದ ಡೇಟಾಬೇಸ್ ಜೊತೆ ಮಾತಾಡೋ ದಾರಿ), ಸರ್ವ್ಲೆಟ್, ಹೈಬರ್ನೇಟ್, ಸ್ಪ್ರಿಂಗ್, ಕ್ವಾರ್ಟ್ಜ್, ಹೀಗೆ ಜಾವಾದಲ್ಲಿ ಬಳಸೋ ಒಂದೊಂದಕ್ಕೂ ಬೇರೆ ಬೇರೆ ಪುಟ್ಟ ಮಾಡ್ಯೂಲ್. ಜೆಡಿಬಿಸಿದನ್ನ ತೆರೆದು ಓದಿದ್ರೆ ಸ್ಟೇಟ್‌ಮೆಂಟ್ ಎಕ್ಸಿಕ್ಯೂಟ್ ಆಗೋ ಮುಂಚೆ ಟೈಮರ್ ಶುರು ಮಾಡಿ ಮುಗಿದ್ಮೇಲೆ ನಿಲ್ಲಿಸೋದು ನೇರವಾಗಿ ಕಾಣುತ್ತೆ. ಅದನ್ನ ಓದಿದ್ಮೇಲೆ ನನಗಿದ್ದ ಅರ್ಧ ಭಯ ಹೋಯ್ತು.

ಓಡಿಸೋದು ಇನ್ನೂ ಸುಲಭ. ಜಿಪ್ ಬಿಚ್ಚಿ, ಜೆವಿಎಂ ಆರ್ಗ್ಯುಮೆಂಟ್‌ನಲ್ಲಿ ಜಾವಾಏಜೆಂಟ್ ಅಂತ ಗ್ಲೋರೂಟ್ ಜಾರ್‌ನ ಪಾತ್ ಕೊಡಿ, ಬ್ರೌಸರ್‌ನಲ್ಲಿ ಲೋಕಲ್‌ಹೋಸ್ಟ್ 4000 ಪೋರ್ಟ್ ತೆಗೀರಿ. ಒಂದು ಮಾತು, ಈ ಆರ್ಗ್ಯುಮೆಂಟ್ ನಿಮ್ ಅಪ್ಲಿಕೇಶನ್ ಜಾರ್ ಹೆಸರಿಗಿಂತ ಮೊದ್ಲೇ ಬರ್ಬೇಕು. ನಾನು ಹಿಂದೆ ಹಾಕಿದ್ದೆ, ಎರರ್ ಏನೂ ಬರ್ಲಿಲ್ಲ, ಅಪ್ಲಿಕೇಶನ್ ಆರಾಮಾಗಿ ಎದ್ದು ನಿಂತ್ಕೊಳ್ತು, ಗ್ಲೋರೂಟ್ ಮಾತ್ರ ಇಲ್ಲ, ಯಾಕಂದ್ರೆ ಹಿಂದೆ ಹಾಕಿದ್ರೆ ಅದು ಜೆವಿಎಂಗೆ ಹೋಗೋದೇ ಇಲ್ಲ, ಮೇನ್ ಮೆಥಡ್‌ಗೆ ಬರೀ ಒಂದು ಸ್ಟ್ರಿಂಗ್ ಆಗಿ ಹೋಗುತ್ತೆ. ಒಂದು ಗಂಟೆ ಅದ್ರಲ್ಲೇ ಹೋಯ್ತು.

ಈಗ ಆ ಸ್ಲೋ ಪೇಜ್ ವಿಷಯ. 2 ಸೆಕೆಂಡ್ ದಾಟಿದ ರಿಕ್ವೆಸ್ಟನ್ನ ಗ್ಲೋರೂಟ್ ಡೀಫಾಲ್ಟ್ ಆಗಿ ಸ್ಲೋ ಟ್ರೇಸ್ ಅಂತ ಹಿಡಿದಿಡುತ್ತೆ, ಗ್ರಾಫ್‌ನಲ್ಲಿ ಒಂದೊಂದು ಚುಕ್ಕಿಯಾಗಿ ಕಾಣುತ್ತೆ, ಚುಕ್ಕಿ ಒತ್ತಿದ್ರೆ ಆ ಒಂದು ರಿಕ್ವೆಸ್ಟ್‌ನ ಪೂರ್ತಿ ಕಥೆ. ನಾನು ಒತ್ತಿದ ಚುಕ್ಕಿಯಲ್ಲಿ ಒಟ್ಟು 6.4 ಸೆಕೆಂಡ್, ಅದ್ರಲ್ಲಿ ಜೆಡಿಬಿಸಿ ಕ್ವೆರಿಗೇ 5.7 ಸೆಕೆಂಡ್, ಪಕ್ಕದಲ್ಲಿ ಕೌಂಟ್ 640. ಸರಾಸರಿ ಒಂದೊಂದು ಕ್ವೆರಿ 9 ಮಿಲಿಸೆಕೆಂಡ್ ಕೂಡ ತಗೊಂಡಿಲ್ಲ! ಡೇಟಾಬೇಸ್‌ನವ್ರು ಹೇಳಿದ್ದೂ ನಿಜಾನೇ, ಕ್ವೆರಿ ಫಾಸ್ಟಾಗೇ ಇತ್ತು, ಆದ್ರೆ ನಮ್ ಕೋಡು ಲೂಪ್ ಒಳಗೆ ಲೇಜಿ ಲೋಡ್ ಮಾಡ್ಕೊಂಡು (ಡೇಟಾನ ಬೇಕಾದಾಗ ಒಂದೊಂದಾಗಿ ತರಿಸ್ಕೊಂಡು) ಅದೇ ಕ್ವೆರೀನ ಒಂದೇ ಪೇಜಿಗೆ ನೂರಾರು ಸಲ ಕಳಿಸ್ತಿತ್ತು. ಸ್ಲೋ ಕ್ವೆರಿ ಲಾಗ್‌ನಲ್ಲಿ ಇದು ಹೇಗೆ ಸಿಗುತ್ತೆ ಹೇಳಿ, ಸ್ಲೋ ಇರೋದು ಒಂದು ಕ್ವೆರಿ ಅಲ್ವಲ್ಲ. ಎಲ್ಲಾ ಡೇಟಾನ ಒಂದೇ ಕ್ವೆರಿಯಲ್ಲಿ ತರೋ ಜಾಯಿನ್ ಫೆಚ್ ಹಾಕಿದ್ವಿ, ಪೇಜ್ ಕಣ್ಮುಚ್ಚಿ ತೆಗೆಯೋದ್ರಲ್ಲಿ ಬರೋಕೆ ಶುರುವಾಯ್ತು.

ನಮ್ ಸ್ವಂತ ಮೆಥಡ್‌ಗೂ ಟೈಮರ್ ಹಾಕ್ಬಹುದು, ಕೋಡ್ ಮುಟ್ಟೋದೇ ಬೇಡ, ಗ್ಲೋರೂಟ್‌ನ ಯುಐನಲ್ಲೇ (ಬ್ರೌಸರ್‌ನಲ್ಲಿ ತೆರೆದ ಪೇಜ್) ಕ್ಲಾಸ್ ಹೆಸರು ಮೆಥಡ್ ಹೆಸರು ಕೊಟ್ರೆ ಸಾಕು. ಥ್ರೆಡ್ ಡಂಪ್ (ಒಂದೊಂದು ಥ್ರೆಡ್ ಈಗ ಏನು ಮಾಡ್ತಿದೆ), ಹೀಪ್ ಹಿಸ್ಟೋಗ್ರಾಮ್ (ಮೆಮೊರಿ ಯಾವುದಕ್ಕೆ ಹೋಗಿದೆ), ಪ್ರೊಫೈಲಿಂಗ್‌ನ ಫ್ಲೇಮ್ ಗ್ರಾಫ್ (ಸಮಯ ಯಾವ ಕೋಡ್‌ನಲ್ಲಿ ಹೋಗಿದೆ) ಎಲ್ಲಾ ಇದೆ, ಚೆನ್ನಾಗೇ ಇದೆ.

ಹುಷಾರಾಗಿರ್ಬೇಕಾದ್ದು ಸೆಕ್ಯುರಿಟಿ ವಿಷಯದಲ್ಲಿ. ಯುಐ ಡೀಫಾಲ್ಟ್ ಆಗಿ ಆ ಮಷೀನ್‌ನಿಂದ ಮಾತ್ರ ತೆರೆಯುತ್ತೆ, ಲಾಗಿನ್ ಕೇಳಲ್ಲ. ಹೊರಗಿಂದ ನೋಡ್ಬೇಕು ಅಂತ ಬೈಂಡ್ ಅಡ್ರೆಸ್ (ಯುಐ ಯಾವ ನೆಟ್‌ವರ್ಕ್ ವಿಳಾಸದಲ್ಲಿ ತೆರೆಯುತ್ತೆ ಅನ್ನೋದು) ಬದಲಾಯಿಸೋ ಮೊದ್ಲು ಯೂಸರ್ ಪಾಸ್‌ವರ್ಡ್ ಹಾಕ್ಬಿಡಿ, ಇಲ್ಲಾಂದ್ರೆ ಎಸ್‌ಎಸ್‌ಎಚ್ ಟನಲ್ (ಆ ಮಷೀನಿಗೆ ಹೋಗೋ ಸುರಕ್ಷಿತ ದಾರಿ) ಸಾಕು, ನಾವು ಅದೇ ಮಾಡ್ತೀವಿ. ಇನ್ನೊಂದು, ಟ್ರೇಸ್‌ನಲ್ಲಿ ಕ್ವೆರಿಯ ಬೈಂಡ್ ವ್ಯಾಲ್ಯೂಗಳೂ (ಕ್ವೆರಿ ಒಳಗೆ ತುಂಬಿದ ನಿಜವಾದ ಡೇಟಾ) ಕಾಣುತ್ವೆ, ಅಂದ್ರೆ ಗ್ರಾಹಕರ ಫೋನ್ ನಂಬರು ಇಮೇಲು ಎಲ್ಲಾ. ಡೀಬಗ್ ಮಾಡೋಕೆ ಅನುಕೂಲ ನಿಜ, ಆದ್ರೆ ಅದನ್ನ ಯಾರ್ಯಾರು ನೋಡ್ಬಹುದು ಅಂತ ಮೊದ್ಲೇ ತೀರ್ಮಾನ ಮಾಡಿ, ಬೇಡದ ಕಡೆ ಜೆಡಿಬಿಸಿ ಪ್ಲಗಿನ್ ಸೆಟ್ಟಿಂಗ್‌ನಲ್ಲಿ ಆಫ್ ಮಾಡಿ. ಈ ವಿಷಯದಲ್ಲಿ ಉದಾಸೀನ ಮಾಡ್ಬೇಡಿ, ಅದು ಬೇರೆಯವ್ರ ಮಾಹಿತಿ.

ಕೊರತೆ ಇಲ್ವಾ ಅಂದ್ರೆ ಇದೆ. ಒಂದು ರಿಕ್ವೆಸ್ಟು ಐದಾರು ಸರ್ವಿಸ್ ದಾಟಿ ಹೋಗುತ್ತೆ ಅಂತಾದ್ರೆ ಆ ದಾರಿ ಪೂರ್ತಿ ಒಂದೇ ಚಿತ್ರದಲ್ಲಿ ಇಲ್ಲಿ ಸಿಗಲ್ಲ, ಅದಕ್ಕೆ ಸ್ಕೈವಾಕಿಂಗ್ ಅಥವಾ ಪಿನ್‌ಪಾಯಿಂಟ್ ಅನ್ನೋ ಬೇರೆ ಎಪಿಎಂ ಟೂಲು ನೋಡಿ, ಆದ್ರೆ ಪಿನ್‌ಪಾಯಿಂಟ್ ಅಂದ್ರೆ ಎಚ್‌ಬೇಸ್ ಅನ್ನೋ ಡೇಟಾಬೇಸ್ ಸಾಕ್ಬೇಕು. ಗ್ಲೋರೂಟ್‌ನಲ್ಲೂ ತುಂಬಾ ಜೆವಿಎಂನ ಒಂದೇ ಕಡೆ ನೋಡೋಕೆ ಸೆಂಟ್ರಲ್ ಕಲೆಕ್ಟರ್ ಇದೆ, ಅದಕ್ಕೆ ಕಸಾಂಡ್ರಾ ಡೇಟಾಬೇಸ್ ಬೇಕು, ಸಣ್ಣ ಟೀಮಿಗೆ ಅದು ಹೊರೆ. ಒಂಟಿ ಜೆವಿಎಂ ಆದ್ರೆ ಈ ಯಾವ ತಲೆನೋವೂ ಇಲ್ಲ, ಎಚ್2 ಡೇಟಾಬೇಸ್ ಅದ್ರ ಒಳಗೇ ಇರುತ್ತೆ, ಹಳೇ ಡೇಟಾನ ತಾನೇ ಅಳಿಸ್ಕೊಂಡು ಹೋಗುತ್ತೆ.

ನಮ್ದು ಇರೋದೇ ಮೂರು ಜೆವಿಎಂ, ಮೂರಕ್ಕೂ ಬೇರೆ ಬೇರೆ ಫೋಲ್ಡರ್ ಕೊಟ್ಟು ಓಡಿಸ್ತಿದೀವಿ, ಸ್ಲೋ ಥ್ರೆಶೋಲ್ಡನ್ನ 500 ಮಿಲಿಸೆಕೆಂಡ್‌ಗೆ ಇಳಿಸಿದೀವಿ, ಅದಕ್ಕೆ ರೀಸ್ಟಾರ್ಟ್ ಕೂಡ ಬೇಕಾಗ್ಲಿಲ್ಲ. ಈಗ ಹೊಸ ಚುಕ್ಕಿಗಳು ಬರ್ತಿವೆ, ದಿನಾ ಬೆಳಿಗ್ಗೆ ಒಂದೊಂದಾಗಿ ಒತ್ತಿ ನೋಡ್ತಿದೀನಿ.