ಥಮೇಲಿನ ಖುಕುರಿ, ಜೊತೆಗೆ ಬಂದ ಚೀಟಿ

ಕಠ್ಮಂಡುವಿನ ಥಮೇಲಿನ ಅಂಗಡಿಯೊಂದರಲ್ಲಿ ಕೊಂಡ ಖುಕುರಿಯನ್ನು, ಅಂದರೆ ನೇಪಾಳದ ಬಾಗಿದ ಕತ್ತಿಯನ್ನು, ಒಂದು ವರ್ಷದಿಂದ ಬಳಸುತ್ತಿದ್ದೇನೆ. ಸೌದೆ ಸೀಳಲು, ಎಳನೀರು ಕೆತ್ತಲು ಇಷ್ಟು ಒದಗಿಬರುವ ಕತ್ತಿ ನಮ್ಮ ಮನೆಯಲ್ಲಿ ಇನ್ನೊಂದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯನ್ನು ಕಾಯಿಸಿ ಬಡಿದು ಮಾಡಿದ ಅಲಗಿನ ಬೆನ್ನು ದಪ್ಪನಾಗಿದ್ದು, ತೂಕವೆಲ್ಲ ಮುಂಭಾಗದಲ್ಲಿರುವುದರಿಂದ ಪೆಟ್ಟು ತಾನಾಗಿಯೇ ಆಳಕ್ಕೆ ಇಳಿಯುತ್ತದೆ. ಒರೆಯ ಹಿಂಬದಿಯಲ್ಲಿ ಎರಡು ಮರಿ ಅಲಗುಗಳಿವೆ: ಸಣ್ಣ ಕೆಲಸಕ್ಕೆ ಕರ್ದಾ, ಅಂಚನ್ನು ಸರಿಪಡಿಸಲು ಚಕ್ಮಕ್. ಒರೆಯ ಹೊಲಿಗೆ ಮಾತ್ರ ಮೂರೇ ತಿಂಗಳಿಗೆ ಬಿಟ್ಟುಕೊಂಡಿತು.

ನನ್ನ ದೊಡ್ಡ ತಕರಾರು ಪೆಟ್ಟಿಗೆಯಲ್ಲಿದ್ದ ಚೀಟಿಯ ಬಗ್ಗೆ. ನೇಪಾಳದ ಸೈನಿಕನ ಕಥೆ 1815ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಗೋರ್ಖಾಗಳನ್ನು ತನ್ನ ಸೇನೆಗೆ ಸೇರಿಸಿಕೊಂಡಾಗ ಆರಂಭವಾಯಿತೆಂದು ಅದು ಹೇಳುತ್ತದೆ. ಅದು ಬ್ರಿಟಿಷರ ಪಲ್ಟನ್ನುಗಳ ಕಥೆಯೇ ಹೊರತು ನೇಪಾಳದ ಸೈನ್ಯದ್ದಲ್ಲ. ಮುಂದೆ ನೇಪಾಳವಾಗಿ ಬೆಳೆದ ಗೋರ್ಖಾ ಎಂಬ ಸಣ್ಣ ಗುಡ್ಡಗಾಡು ರಾಜ್ಯದಲ್ಲಿ ಯುದ್ಧ ಬಂದಾಗ ರೈತರೇ ಕತ್ತಿ ಹಿಡಿದು ಹೊರಟು, ಮುಗಿದ ಮೇಲೆ ಹೊಲಕ್ಕೆ ಮರಳುತ್ತಿದ್ದರು. ಸೌದೆ ಕಡಿಯುವ ಖುಕುರಿಯೇ ಯುದ್ಧಕ್ಕೂ ಆಗುತ್ತಿತ್ತು. 1743ರಲ್ಲಿ ಪಟ್ಟಕ್ಕೆ ಬಂದ ಪೃಥ್ವಿನಾರಾಯಣ ಶಾಹ ಇಷ್ಟರಿಂದ ಕಠ್ಮಂಡು ಕಣಿವೆಯ ರಾಜ್ಯಗಳನ್ನು ಗೆಲ್ಲಲಾಗದೆಂದು ಅರಿತು, ಬನಾರಸಿನಿಂದ ಬಂದೂಕುಗಳನ್ನು ತರಿಸಿ, ಅವನ್ನು ಮಾಡಬಲ್ಲ ಕುಶಲಕರ್ಮಿಗಳನ್ನೂ ಕರೆಸಿಕೊಂಡ. 1744ರಲ್ಲಿ ಕಣಿವೆಯ ಪಕ್ಕದ ನುವಾಕೋಟ್ ಕೈಸೇರಿತು. 1762ರ ಸುಮಾರಿಗೆ ಶ್ರೀನಾಥ, ಕಾಲಿಬಕ್ಸ, ಬರ್ದಬಹಾದುರ್, ಸಬುಜ್ ಎಂಬ ಕಾಯಂ ತುಕಡಿಗಳು ರೂಪುಗೊಂಡವು. ಮರುವರ್ಷವೇ ಗೋರ್ಖಾದವರು ಮಕವಾನಪುರದಲ್ಲಿ ಬಂಗಾಳದ ನವಾಬ ಮೀರ್ ಕಾಸಿಮನ ಪಡೆಯನ್ನು ಸೋಲಿಸಿ ಅದರ ಬಂದೂಕುಗಳನ್ನು ವಶಪಡಿಸಿಕೊಂಡರು. 1767ರಲ್ಲಿ ಸಿಂಧುಲಿಯಲ್ಲಿ ಕ್ಯಾಪ್ಟನ್ ಕಿನ್‌ಲಾಕ್ ನೇತೃತ್ವದ ಕಂಪನಿ ಪಡೆಯೂ ಹಿಮ್ಮೆಟ್ಟಿತು. 1814ರಲ್ಲಿ ನಾಲಾಪಾನಿ ಕೋಟೆಯಲ್ಲಿ ನೇಪಾಳದ ದಳಪತಿ ಬಲಭದ್ರ ಕುಂವರನ ಸಣ್ಣ ಪಡೆ ಬ್ರಿಟಿಷರನ್ನು ವಾರಗಟ್ಟಲೆ ತಡೆದ ಮೇಲೆ ತಾನೇ ಕಂಪನಿಗೆ ಇವರನ್ನು ಸೇರಿಸಿಕೊಳ್ಳುವ ಆಸೆ ಬಲಿತದ್ದು! ಈ ಏಳು ದಶಕಗಳಿಗೆ ಚೀಟಿಯಲ್ಲಿ ಒಂದು ಸಾಲೂ ಇಲ್ಲ.

ಬದಲಿಗೆ, ಒರೆಯಿಂದ ತೆಗೆದ ಖುಕುರಿ ರಕ್ತ ಕಾಣದೆ ಒಳಗೆ ಹೋಗಬಾರದೆಂಬ ಹಳೆಯ ಕಟ್ಟುಕಥೆ ದಪ್ಪಕ್ಷರದಲ್ಲಿದೆ. ದಿನಕ್ಕೆ ಹತ್ತು ಸಲ ಸೊಪ್ಪು, ಸೌದೆ ಕಡಿಯುವ ಬೆಟ್ಟದ ಮನೆಗಳಲ್ಲಿ ಇದನ್ನು ಪಾಲಿಸಿದ್ದರೆ ಯಾರ ಬೆರಳೂ ಉಳಿಯುತ್ತಿರಲಿಲ್ಲ.

ಗೋರ್ಖಾದ ರಾಜ ದ್ರವ್ಯ ಶಾಹನದೆನ್ನಲಾಗುವ ಖುಕುರಿ ಕಠ್ಮಂಡುವಿನ ಛಾವುನಿಯ ರಾಷ್ಟ್ರೀಯ ಸಂಗ್ರಹಾಲಯದಲ್ಲಿದೆ. ಕೊಳ್ಳುವ ಮುನ್ನ ಅದನ್ನೊಮ್ಮೆ ನೋಡಿ ಬನ್ನಿ. ಅಂಗಡಿಯಲ್ಲಿ ಒರೆಯ ಹೊಲಿಗೆಯನ್ನು ಎಳೆದು ಪರೀಕ್ಷಿಸಿ, ಮತ್ತು ವಿಮಾನದಲ್ಲಿ ತರುವವರು ಕೈಚೀಲದಲ್ಲಿ ಇಡದೆ ಲಗೇಜಿಗೆ ಹಾಕಿ.