ಗೋ-ಕಾರ್ಟ್ ಆಕ್ಸಲ್ ಮಾಡಿಸೋರೇ, ಪೇಂಟ್ ಕೆರೆದು ನೋಡದೆ ದುಡ್ಡು ಕೊಡಬೇಡಿ

22,500 ರೂಪಾಯಿ ಹೋಯಿತು. ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮನೆಯಲ್ಲಿ ದಿನಕ್ಕೆ ಮೂರು ಸಲ ನನಗೂ ಇದನ್ನೇ ಹೇಳುತ್ತಿದ್ದಾರೆ. ಬೇರೆಯವರ ಬಿಲ್ಲು, ವೋಚರ್ ನೋಡಿ ತಪ್ಪು ಹುಡುಕೋದೇ ನನ್ನ ಕೆಲಸ. ಅಂಥವನು ಒಂದು ಚೀಟಿನೂ ತಗೊಳ್ಳದೆ ಫೋನ್‌ಪೇ ಮಾಡಿ ಕೂತಿದ್ದೇನೆ. ನಗೋರು ನಕ್ಕುಬಿಡಿ, ಆಮೇಲೆ ಓದಿ.

ಅಣ್ಣನ ಮಗ ಡಿಪ್ಲೊಮಾ ಓದುತ್ತಿದ್ದಾನೆ. ಇಬ್ಬರೂ ಸೇರಿ ಮನೆ ಹಿಂದೆ ಗೋ-ಕಾರ್ಟ್, ಅಂದ್ರೆ ನೆಲಕ್ಕೆ ಹತ್ತಿರ ಕೂತು ಓಡಿಸೋ ಪುಟ್ಟ ರೇಸ್ ಗಾಡಿ, ಕಟ್ಟೋಣ ಅಂತ ಹೊರಟೆವು. ಇಂಜಿನ್ ನಮ್ಮಪ್ಪನ ಹಳೇ 100 ಸಿಸಿ ಬೈಕಿನದು, ಶೆಡ್ಡಿನಲ್ಲಿ ಸುಮ್ನೆ ಬಿದ್ದಿತ್ತು. ಚಾಸಿ, ಅಂದ್ರೆ ಗಾಡಿಯ ಚೌಕಟ್ಟು, ನಾವೇ ಮುಂದೆ ನಿಂತು ವೆಲ್ಡ್ ಮಾಡಿಸಿದೆವು. ಹಿಂದಿನ ಆಕ್ಸಲ್ (ಎರಡು ಹಿಂಚಕ್ರ ಕೂರೋ ಶಾಫ್ಟು), ಅದರ ಮೇಲೆ ಸ್ಪ್ರಾಕೆಟ್ (ಚೈನ್ ಕೂರೋ ಹಲ್ಲಿನ ಚಕ್ರ) ಮತ್ತು ಬ್ರೇಕ್ ಡಿಸ್ಕ್ ಹಿಡಿದುಕೊಳ್ಳೋ ಎರಡು ಹಬ್, ಎರಡು ಬೇರಿಂಗ್, ಇಷ್ಟನ್ನು ಮಾತ್ರ ಹೊರಗೆ ಮಾಡಿಸಬೇಕಿತ್ತು. ನಮ್ಮ ತುಮಕೂರಿನಲ್ಲೇ ಬೇಕಾದಷ್ಟು ಲೇತ್ ಅಂಗಡಿಗಳಿವೆ. ನನಗೆ ಮಾತ್ರ "ಕಾರ್ಟ್ ಸ್ಪೆಷಲಿಸ್ಟ್" ಬೇಕಿತ್ತು. ಬೆಂಗಳೂರಿನ ಪೀಣ್ಯದವರೆಗೆ ಹೋದೆ.

ಮೊದಲ ದಿನ ಅಲ್ಲಿನ ಅಂಗಡಿಯವನು ಹೇಳಿದ ಮಾತು ಇದು: "ಡಿಫರೆನ್ಷಿಯಲ್ ಎಲ್ಲ ಯಾಕೆ ಸಾರ್, ಕಾರ್ಟ್‌ಗೆ ಸಾಲಿಡ್ ಆಕ್ಸಲ್ಲೇ ಹಾಕೋದು." ಸರಿಯಾದ ಮಾತೇ. ಡಿಫರೆನ್ಷಿಯಲ್ ಅಂದ್ರೆ ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಕಾರಿನಲ್ಲಿರೋ ಗೇರು, ಕಾರ್ಟಿಗೆ ಅದು ಬೇಡ. ಆ ಒಂದು ಸರಿಯಾದ ಮಾತಿಗೆ ನಾನು ಬಿದ್ದೆ. 30 ಎಂಎಂ ಶಾಫ್ಟ್, ಇಎನ್19 ಅನ್ನೋ ಗಟ್ಟಿ ಉಕ್ಕು, 206 ನಂಬರ್ ಬೇರಿಂಗ್, ಶಾಫ್ಟಿಗೂ ಹಬ್ಬಿಗೂ ಕೀವೇ ಅನ್ನೋ ಕಾಲುವೆ ಹೊಡೆದು, ಹಬ್ ಜಾರದ ಹಾಗೆ ಅದರೊಳಗೆ 8 ಎಂಎಂ ಕೀ, ಅಂದ್ರೆ ಉಕ್ಕಿನ ತುಂಡು. ಎಲ್ಲ ಬಾಯಲ್ಲೇ. ಅಡ್ವಾನ್ಸ್ 12,000.

ಸ್ಪ್ರಾಕೆಟ್ ವಿಷಯದಲ್ಲೇ ನನಗೆ ಅನುಮಾನ ಬರಬೇಕಿತ್ತು. ಬೈಕಿನ 42 ಹಲ್ಲಿನದು ಕೈಯಲ್ಲೇ ಇತ್ತು, ಅದನ್ನೇ ಹಾಕಿ ಅಂದೆ. "ಪಿಕಪ್ ಬರಲ್ಲ ಸಾರ್, 60 ಹಲ್ಲು ಕಟ್ ಮಾಡಿಸ್ತೀನಿ, 1,800 ಜಾಸ್ತಿ ಆಗುತ್ತೆ" ಅಂದ. ತಲೆ ಆಡಿಸಿದೆ. ಆಮೇಲೆ ನಮ್ಮ ಹುಡುಗ ಲೆಕ್ಕ ಹಾಕಿ ತೋರಿಸಿದ. ಬೈಕಿನ ಟೈರ್ ಸುಮಾರು 600 ಎಂಎಂ ಎತ್ತರ, ನಮ್ಮ ಕಾರ್ಟ್ ಟೈರ್ 11 ಇಂಚು, ಅಂದ್ರೆ 280. ಹಲ್ಲು ಅಷ್ಟೇ ಇದ್ದರೂ ಸ್ಪೀಡ್ ಅರ್ಧಕ್ಕಿಂತ ಕಡಿಮೆಯಾಗಿ ಎಳೆತ ಎರಡರಷ್ಟಾಗುತ್ತೆ. ಬೈಕ್ 80ರಲ್ಲಿ ಹೋಗೋ ಕಡೆ ಕಾರ್ಟ್ 37. ಅದರ ಮೇಲೆ 60 ಹಲ್ಲು ಹಾಕಿದರೆ 26. ಸೈಕಲ್ ತುಳಿದುಕೊಂಡು ಹೋಗಬಹುದು! ಇನ್ನೂ ಇದೆ. 428 ಸೈಜಿನ ಬೈಕ್ ಚೈನಿಗೆ 60 ಹಲ್ಲಿನ ಸ್ಪ್ರಾಕೆಟ್ ಹತ್ತಿರ ಹತ್ತಿರ 250 ಎಂಎಂ ಅಗಲ ಆಗುತ್ತೆ. 280ರ ಟೈರಿಗೆ 250ರ ಸ್ಪ್ರಾಕೆಟ್. ನೆಲಕ್ಕೂ ಹಲ್ಲಿಗೂ ನಡುವೆ ಉಳಿಯೋದು ಒಂದೂವರೆ ಸೆಂಟಿಮೀಟರ್. ಒಂದು ಜಲ್ಲಿಕಲ್ಲು ಸಾಕು. ಇದನ್ನು "ಸ್ಪೆಷಲಿಸ್ಟ್" ನೋಡಲಿಲ್ಲ, ನಾನೂ ನೋಡಲಿಲ್ಲ.

ಆದರೂ ಬಂದದ್ದನ್ನು ಹಾಗೇ ಕೂರಿಸಿದೆವು, ಓಡಿಸಿ ನೋಡೋ ಆತುರ. ಭಾನುವಾರ, ಇನ್ನೂ ಮನೆ ಏಳದ ಖಾಸಗಿ ಲೇಔಟು, ಕಾವಲುಗಾರನಿಗೆ ಹೇಳಿಕೊಂಡು ಒಳಗೆ ಹೋಗಿದ್ದು. ಅಣ್ಣ, ಅತ್ತಿಗೆ, ಡಬ್ಬಿಯಲ್ಲಿ ಚಿತ್ರಾನ್ನ, ವಿಡಿಯೊ ಮಾಡೋಕೆ ಪಕ್ಕದ ಮನೆ ಹುಡುಗರು, ಎಲ್ಲರನ್ನೂ ನಾನೇ ಕರೆದಿದ್ದು. ಹುಡುಗ ಹೆಲ್ಮೆಟ್ ಹಾಕಿ ಕೂತ. ಫಸ್ಟ್ ಗೇರ್. ಕ್ಲಚ್ ಬಿಟ್ಟ. ಎರಡು ಮಾರು ಹೋಯಿತು, "ಕಟಕ್" ಅಂತು. ಇಂಜಿನ್ ಅರಚುತ್ತಿದೆ, ಚೈನ್ ಓಡುತ್ತಿದೆ, ಸ್ಪ್ರಾಕೆಟ್ ಗಿರಗಿರ ತಿರುಗುತ್ತಿದೆ, ಚಕ್ರ ಮಾತ್ರ ಅಲ್ಲೇ ಇದೆ. ಅಣ್ಣ, "ಹ್ಯಾಂಡ್‌ಬ್ರೇಕ್ ತೆಗೆದಿಲ್ಲವೇನೋ" ಅಂದ. ಕಾರ್ಟಿಗೆ ಹ್ಯಾಂಡ್‌ಬ್ರೇಕ್ ಎಲ್ಲಿಂದ ಬರಬೇಕು. ಹುಡುಗರು ಮಾತ್ರ ವಿಡಿಯೊ ನಿಲ್ಲಿಸಲಿಲ್ಲ.

ಸಂಜೆ ನಮ್ಮ ಬೀದಿಯ ಲೇತ್ ಮೇಸ್ತ್ರಿ ಹತ್ತಿರ ಎತ್ತಿಕೊಂಡು ಹೋದೆ. ಅವರು ಹಬ್ಬಿನ ಪಕ್ಕ ಸ್ಕ್ರೂಡ್ರೈವರ್‌ನಿಂದ ಕೆರೆದರು. ಕಪ್ಪು ಪೇಂಟ್ ಸಿಪ್ಪೆಯ ಹಾಗೆ ಎದ್ದು ಬಂತು. ಕೆಳಗೆ ಬೂದಿ ಬಣ್ಣದ ಏನೋ ಒಂದು. ಎಂಸೀಲ್. ಎಂಸೀಲ್ ಸ್ವಾಮಿ, ಟ್ಯಾಂಕ್ ಸೋರಿದರೆ ಮೆತ್ತುತ್ತೇವಲ್ಲ, ಅದೇ. ಕೀವೇ ಇತ್ತು, ಒಳಗೆ ಕೀ ಇರಲಿಲ್ಲ. ಕೀ ಇರಬೇಕಾದ ಜಾಗಕ್ಕೆ ಎಂಸೀಲ್ ತುಂಬಿ, ಕಡಲೆಕಾಳಿನಷ್ಟು ಎರಡು ವೆಲ್ಡ್ ಚುಕ್ಕೆ ಇಟ್ಟು ಪೇಂಟ್ ಹೊಡೆದಿದ್ದ. ಮೇಸ್ತ್ರಿ ಅಷ್ಟಕ್ಕೇ ಬಿಡಲಿಲ್ಲ. ಶಾಫ್ಟಿನ ತುದಿಯನ್ನು ಗ್ರೈಂಡರ್‌ಗೆ ಹಿಡಿದರು. ಕಿಡಿ ಉದ್ದುದ್ದ ಗೆರೆಯ ಹಾಗೆ ನೆಟ್ಟಗೆ ಹೋಯಿತು. ಅವರ ಹತ್ತಿರ ಇದ್ದ ಇಎನ್8 ಅನ್ನೋ ಗಟ್ಟಿ ಉಕ್ಕಿನ ತುಂಡು ಹಿಡಿದರು, ಕಿಡಿ ಸುರುಸುರು ಬತ್ತಿಯ ಹಾಗೆ ತುದಿಯಲ್ಲಿ ಒಡೆದು ಚೆಲ್ಲಿತು. "ಇದು ಬರೀ ಎಂಎಸ್ ರಾಡು ಸಾರ್, ಮೆತ್ತನೆ ಮಾಮೂಲಿ ಉಕ್ಕು. ಇಎನ್19 ಅಂತ ಯಾರು ಹೇಳಿದ್ದು?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಅಷ್ಟರಲ್ಲಿ ಅವರು ಬ್ರೇಕ್ ಹಬ್ಬನ್ನೂ ಕೆರೆದರು. ಅಲ್ಲೂ ಎಂಸೀಲ್. ಕಾರ್ಟಿಗೆ ಇರೋದು ಒಂದೇ ಬ್ರೇಕು, ಅದೂ ಇದೇ ಆಕ್ಸಲ್ ಮೇಲೆ. ಸ್ಪ್ರಾಕೆಟ್ ಮೊದಲು ಬಿಟ್ಟಿತು, ಹಾಗಾಗಿ ನನಗೆ ಅವಮಾನ ಮಾತ್ರ ಆಯಿತು. ಅದು ಗಟ್ಟಿಯಾಗಿದ್ದು ಇಳಿಜಾರಿನಲ್ಲಿ ಇದು ಬಿಟ್ಟಿದ್ದರೆ? ಒಳಗೆ ಕೂತಿದ್ದು ನಮ್ಮ ಹುಡುಗ. ಈಗಲೂ ನೆನೆಸಿಕೊಂಡರೆ ಕೈ ತಣ್ಣಗಾಗುತ್ತೆ.

ಫೋನ್ ಮಾಡಿದೆ. ಮೊದಲ ಸಲ, "ಕ್ಲಚ್ ಒಂದೇ ಸಲ ಬಿಟ್ಟಿರ್ತಾರೆ ಸಾರ್, ಹುಡುಗರು." ಎರಡನೇ ಸಲ, "ಚೈನ್ ಟೈಟ್ ಜಾಸ್ತಿ ಮಾಡಿದೀರಾ." ಎಂಸೀಲ್ ಫೋಟೊ ಕಳಿಸಿದೆ. ನೀಲಿ ಟಿಕ್ ಬಂತು, ಎರಡು ದಿನ ಉತ್ತರ ಇಲ್ಲ. ಆಮೇಲೆ ಒಂದು ವಾಯ್ಸ್ ಮೆಸೇಜ್: "ಅದು ಧೂಳು ಹೋಗಬಾರದು ಅಂತ ಹಾಕಿದ್ದು ಸಾರ್." ಧೂಳು! ಕೀ ಎಲ್ಲಪ್ಪ ಅಂದೆ. "ನೀವೇ ತಾನೇ ಸಾರ್ ರೇಟ್ ಕಡಿಮೆ ಮಾಡಿ ಅಂದಿದ್ದು?" ಹೌದು, 500 ಕಡಿಮೆ ಮಾಡಿಸಿದ್ದೆ. 500 ರೂಪಾಯಿಗೆ ಎರಡು ಕೀ ತೆಗೆದುಬಿಟ್ಟನಾ? ಬಿಲ್ ಕೇಳಿದ್ದಕ್ಕೆ, "ಬಿಲ್ ಬೇಕಿದ್ದರೆ ಮೊದಲೇ ಹೇಳಬೇಕಿತ್ತು, ಜಿಎಸ್‌ಟಿ ಸೇರುತ್ತೆ." ಅಲ್ಲಿಗೆ ಬ್ಲಾಕ್.

ನಿಮಗೆ ಹೇಳೋದು ಇಷ್ಟೇ. ಪೇಂಟ್ ಹೊಡೆಯೋ ಮುಂಚೆ ಹೋಗಿ ನೋಡಿ. ಹಬ್ ಬಿಚ್ಚಿಸಿ ಕೀಯನ್ನು ಕೈಯಲ್ಲಿ ಹಿಡಿದು ನೋಡಿ. ಬೇಜಾರಾಗುವವನು ಬೇಜಾರಾಗಲಿ. ಮೆಟೀರಿಯಲ್ ಹೆಸರು ಬಿಲ್ಲಿನಲ್ಲಿ ಬರೆಸಿ. 60 ಹಲ್ಲು ಅಂದವನ ಅಂಗಡಿಯಿಂದ ಹಾಗೇ ಎದ್ದು ಬನ್ನಿ.

ಮೇಸ್ತ್ರಿ ಹೊಸ ಶಾಫ್ಟ್ ಮಾಡಿಕೊಟ್ಟರು, ಇಎನ್8, ಕೀ ಸಮೇತ. ಅಪ್ಪನ ಬೈಕಿನ 42 ಹಲ್ಲಿನ ಸ್ಪ್ರಾಕೆಟ್ಟೇ ಕೂತಿದೆ. ಓಡುತ್ತಿದೆ. ಮೊನ್ನೆ ಆಯುಧಪೂಜೆ ದಿನ ಯಾವುದೋ ಹೊಸ ನಂಬರಿನಿಂದ ಶುಭಾಶಯ ಬಂತು. ಲೇತ್ ಮೆಷಿನ್‌ಗೆ ಸೇವಂತಿಗೆ ಹಾರ ಹಾಕಿದ ಫೋಟೊ, ಕೆಳಗೆ "ಕಾರ್ಟ್ ಆಕ್ಸಲ್‌ಗೆ ಹಬ್ಬದ ಆಫರ್" ಅಂತ ಇತ್ತು.