ಬೆಕ್ಕಿಗೆ ಕರ್ಪೂರದ ಎಣ್ಣೆ ಹಚ್ಬೇಡಿ, ನಮ್ಮನೇಲಿ ಏನಾಯ್ತು ಅಂತ ಒಂದ್ಸಲ ಓದಿ

ಮೊನ್ನೆ ನಮ್ಮ ವಾಟ್ಸಾಪ್ ಗ್ರೂಪಲ್ಲಿ ಒಬ್ಬ ಹುಡುಗಿ ಕೇಳಿದ್ಲು, ಬೆಕ್ಕಿನ ಮರಿಗೆ ಮೈತುಂಬ ಚಿಗಟ ಆಗಿದೆ ಏನ್ ಮಾಡ್ಲಿ ಅಂತ. ಐದು ನಿಮಿಷದಲ್ಲಿ ನಾಲ್ಕು ಜನ ಒಂದೇ ಉತ್ತರ ಹಾಕಿದ್ರು, ಕೊಬ್ಬರಿ ಎಣ್ಣೆಗೆ ಕರ್ಪೂರ ಪುಡಿ ಮಾಡಿ ಹಾಕಿ ಬೆಚ್ಚಗೆ ಮಾಡಿ ಮೈಗೆ ತಿಕ್ಕಿ, ನ್ಯಾಚುರಲ್, ಸೈಡ್ ಎಫೆಕ್ಟೇ ಇಲ್ಲ. ಓದಿ ನನ್ ಕೈ ನಡುಗ್ತು. ತಕ್ಷಣ ಆ ಹುಡುಗಿಗೆ ಫೋನ್ ಮಾಡಿ ಹಚ್ಬೇಡಮ್ಮ ಅಂದೆ, ಆಮೇಲೆ ಎಲ್ಲಾರಿಗೂ ಗೊತ್ತಾಗ್ಲಿ ಅಂತ ಇದನ್ನ ಬರೀತಿದೀನಿ, ಉದ್ದ ಆದ್ರೆ ಬೇಜಾರ್ ಮಾಡ್ಕೋಬೇಡಿ.

ನಮ್ಮದು ಸಾಗರದ ಹತ್ರ ಒಂದು ಹಳ್ಳಿ. ಬೆಳ್ಳಿ ಅಂತ ಒಂದು ಬೂದು ಬಣ್ಣದ ಬೆಕ್ಕು, ಅದಾಗೇ ನಮ್ಮನೆಗೆ ಬಂದು ಸೇರ್ಕೊಂಡಿದ್ದು, ಕಳೆದ ಮಳೆಗಾಲದಲ್ಲಿ ಅಟ್ಟದ ಮೇಲೆ ಎರಡು ಮರಿ ಹಾಕ್ತು. ಒಂದು ಕೆಂಚ, ಇನ್ನೊಂದು ಹಣೆ ಮೇಲೆ ಬಿಳೀ ಬೊಟ್ಟಿರೋ ಚುಕ್ಕಿ. ಮಲೆನಾಡಿನ ಮಳೆ ನಿಮಗೆ ಗೊತ್ತಲ್ಲ, ಆಷಾಢದಲ್ಲಿ ವಾರಗಟ್ಟಲೆ ಬಿಸಿಲೇ ಇಲ್ಲ, ಅವು ಮಲಗೋ ಗೋಣಿಚೀಲ ಒಣಗ್ಲೇ ಇಲ್ಲ, ಚಿಗಟ ಶುರುವಾಯ್ತು. ಮರಿ ಹೊಟ್ಟೆ ಕೂದಲು ಸರಿಸಿದ್ರೆ ಓಡಾಡೋದು ಕಾಣೋದು, ಕಪ್ಪಗೆ ಕಾಫಿಪುಡಿ ಥರ ಚಿಗಟದ ಹಿಕ್ಕೆ ಬೇರೆ. ಎರಡು ತಿಂಗಳಾಗಿದ್ರೂ ಚುಕ್ಕಿ ಬೆಳೀತಾನೇ ಇರ್ಲಿಲ್ಲ, ಅಡುಗೆಮನೆ ತಕ್ಕಡೀಲಿ ತೂಗಿದ್ರೆ 600 ಗ್ರಾಂ, ಕೆಂಚ 800 ದಾಟಿದ್ದ.

ಅವತ್ತು ಭಾನುವಾರ. ಫೋನಲ್ಲಿ ಒಂದು ವಿಡಿಯೋ ಬಂದಿತ್ತು, ಅದೇ ಕರ್ಪೂರ ಕೊಬ್ಬರಿ ಎಣ್ಣೆದು. ನಮ್ಮ ದೊಡ್ಡಮ್ಮಂಗೆ ತೋರಿಸಿದೆ. ಅವರು "ಹೌದಲೇ, ದನಕ್ಕೆ ಉಣುಗು ಆದ್ರೆ ನಾವೂ ಬೇವಿನೆಣ್ಣೆ ಕರ್ಪೂರ ಹಚ್ತಿದ್ವಿ, ಏನೂ ಆಗಲ್ಲ ಹಚ್ಚು" ಅಂದ್ರು. ದೊಡ್ಡಮ್ಮನ ಮೇಲೆ ನಂಗೆ ಒಂಚೂರೂ ಸಿಟ್ಟಿಲ್ಲ, ಅವರು ಜೀವಮಾನವಿಡೀ ಕೊಟ್ಟಿಗೆ ನೋಡ್ಕೊಂಡು ಬಂದೋರು, ಅವರು ಹೇಳಿದ್ದು ದನದ ಲೆಕ್ಕ. ಆದ್ರೆ ದನ ಮುನ್ನೂರು ಕೇಜಿ ಇರುತ್ತೆ, ಚುಕ್ಕಿ 600 ಗ್ರಾಂ ಅನ್ನೋದು ಇಬ್ಬರಿಗೂ ಹೊಳೀಲಿಲ್ಲ. ದೇವರ ಗೂಡಿಂದ ಕರ್ಪೂರದ ಡಬ್ಬಿ ತಂದೆ, ಎಷ್ಟು ಬಿಲ್ಲೆ ಹಾಕಿದೆ ಅಂತ ಲೆಕ್ಕನೂ ಇಡ್ಲಿಲ್ಲ, ಐದಾರು ಇರ್ಬೇಕು, ಎಣ್ಣೇಲಿ ಕರಗಿಸಿ ಬೆಳ್ಳಿಗೆ ಬೆನ್ನಿಂದ ಬಾಲದವರೆಗೂ, ಚುಕ್ಕಿಗೆ ಮೈಪೂರ್ತಿ ಹಚ್ಚಿದೆ. ಕೆಂಚ ಮಾತ್ರ ಕೈ ಪರಚಿ ಮಂಚದಡಿಗೆ ಓಡಿಹೋದ, ಅವನಿಗೆ ಕತ್ತಿನ ಹತ್ರ ಒಂಚೂರು ತಾಗಿದ್ದಷ್ಟೇ.

ಆಗ ಸಂಜೆ ಐದು ಗಂಟೆ. ಬೆಳ್ಳಿ ನೆಟ್ಟಗೆ ಒಲೆ ಹತ್ರ ಹೋಗಿ ಕೂತು ನೆಕ್ಕೋಕೆ ಶುರು ಮಾಡ್ತು. ತನ್ನ ಮೈ ನೆಕ್ತು, ಆಮೇಲೆ ಮರಿನ ಹಿಡ್ಕೊಂಡು ಅದನ್ನೂ ನೆಕ್ತು. ನಾನು ಅದನ್ನ ನೋಡ್ತಾನೇ ಇದ್ದೆ, ಬೆಕ್ಕು ಅಂದ್ಮೇಲೆ ನೆಕ್ಕುತ್ತೆ ಅನ್ಕೊಂಡು ಸುಮ್ಮನಿದ್ದೆ. ಇವತ್ತಿಗೂ ನಂಗೆ ನಿದ್ದೆ ಕೆಡಿಸೋದು ಅದೇ. ಬೆಕ್ಕಿನ ಮೈಗೆ ಏನು ಹಚ್ಚಿದ್ರೂ ಅದು ಹೊಟ್ಟೆಗೆ ಹಾಕಿದ ಹಾಗೇ, ಅರ್ಧ ಗಂಟೆ ತಡ ಆಗ್ಬಹುದು ಅಷ್ಟೇ.

ಮುಕ್ಕಾಲು ಗಂಟೆ ಆಗಿತ್ತೇನೋ, ಬೆಳ್ಳಿ ಬಾಯಿಂದ ಜೊಲ್ಲು ಸುರಿಯೋಕೆ ಶುರುವಾಯ್ತು, ನಡೆದ್ರೆ ಹಿಂದಿನ ಕಾಲು ಜೋಲಿ ಹೊಡೀತಿತ್ತು. ಎಣ್ಣೆ ರುಚಿಗೆ ಜೊಲ್ಲು ಬರ್ತಿದೆ ಅನ್ಕೊಂಡೆ. ಚುಕ್ಕಿ ನಡುಗ್ತಿತ್ತು, ಚಳಿಗೆ ಅಂತ ಬಟ್ಟೆ ಸುತ್ತಿ ಒಲೆ ಹತ್ರ ಇಟ್ಟೆ. ಆರೂಕಾಲಿಗೆ ಅದಕ್ಕೆ ಫಿಟ್ಸ್ ಬಂತು, ಅಷ್ಟು ಪುಟ್ಟ ಮೈ ಸೆಟೆದು ಬಿಲ್ಲಿನ ಹಾಗೆ ಬಾಗ್ತು, ಕಾಲು ಈಜೋ ಥರ ಹೊಡ್ಕೊಳ್ತಿತ್ತು. ಎತ್ತಿ ನೋಡಿದ್ರೆ ಬಾಯಿಂದ ಮಂಗಳಾರತಿ ವಾಸನೆ.

ಮನೇಲಿ ಎಲ್ಲಾರೂ ಒಂದೊಂದು ಹೇಳೋರು. ಪಕ್ಕದ ಮನೆ ಮಾವ ಓಡಿಬಂದು ಕಬ್ಬಿಣ ಮುಟ್ಟಿಸಿ ಅಂದ್ರು, ಕೀಗೊಂಚಲು ತಂದು ಮೈಮೇಲೆ ಇಟ್ಟಿದ್ದೂ ಆಯ್ತು. ವಿಷ ಆಗಿದ್ರೆ ಹಾಲು ಕುಡಿಸಿ ಇಳಿಯುತ್ತೆ ಅಂದ್ರು ಇನ್ನೊಬ್ರು, ನಾನು ಸೂಜಿ ಇಲ್ಲದ ಸಿರಿಂಜಲ್ಲಿ ಹಾಲು ತಗೊಂಡು ಚುಕ್ಕಿ ಬಾಯಿಗೆ ಹಾಕ್ದೆ, ಅದು ನುಂಗೋ ಸ್ಥಿತೀಲೇ ಇರ್ಲಿಲ್ಲ, ಕೆಮ್ಮಿ ಮೂಗಿಂದ ಬಂತು. ಈ ಗಲಾಟೇಲಿ ಅರ್ಧ ಗಂಟೆ ಹೋಯ್ತು.

ಕೊನೆಗೆ ನಮ್ಮನೆಯವರು ದನದ ಡಾಕ್ಟ್ರಿಗೆ ಫೋನ್ ಹಚ್ಚಿದ್ರು, ಅವರು ಎಲ್ಲೋ ಹಸು ಹೆರಿಗೆಗೆ ಹೋಗಿದ್ರು, ಆದ್ರೂ ಫೋನ್ ಎತ್ತಿದ್ರು, ಆ ಪುಣ್ಯಾತ್ಮರಿಗೆ ಎಷ್ಟು ಕೈ ಮುಗಿದ್ರೂ ಸಾಲದು. ಅವರು ಹೇಳಿದ್ದನ್ನ ಹಾಗೇ ಬರೀತೀನಿ. ಮೊದಲು ಹಾಲು ನಿಲ್ಸಿ, ಕರ್ಪೂರ ಎಣ್ಣೆ ಕೊಬ್ಬಲ್ಲಿ ಕರಗೋ ವಸ್ತು, ಹಾಲು ತುಪ್ಪ ಕೊಟ್ರೆ ಅದು ಮೈಗೆ ಇನ್ನೂ ಬೇಗ ಹತ್ತಬಹುದು, ಫಿಟ್ಸ್ ಬರ್ತಿರೋ ಪ್ರಾಣಿ ಬಾಯಿಗೆ ಏನೇ ಹಾಕಿದ್ರೂ ಶ್ವಾಸಕೋಶಕ್ಕೆ ಹೋಗುತ್ತೆ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸೋಕೆ ಹೋಗ್ಬೇಡಿ. ಎಚ್ಚರ ಇರೋ ಬೆಕ್ಕಿಗೆ ಈಗಲೇ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಎರಡು ಮೂರು ಸಲ ತೊಳೀರಿ, ಬರೀ ನೀರಿಗೆ ಎಣ್ಣೆ ಹೋಗಲ್ಲ, ತೊಳೆದ ತಕ್ಷಣ ಒರೆಸಿ ಬೆಚ್ಚಗೆ ಸುತ್ತಿ, ಮತ್ತೆ ನೆಕ್ಕೋಕೆ ಬಿಡ್ಬೇಡಿ. ಮರಿನ ನೆಲದ ಮೇಲೆ ಮೆತ್ತಗಿನ ಬಟ್ಟೇಲಿ ಮಲಗಿಸಿ, ಬಾಯೊಳಗೆ ಬೆರಳು ಹಾಕ್ಬೇಡಿ, ಫಿಟ್ಸ್ ಎಷ್ಟು ಹೊತ್ತು ಬಂತು ಅಂತ ಗಡಿಯಾರ ನೋಡ್ಕೊಳ್ಳಿ. ಕರ್ಪೂರದ ಡಬ್ಬಿ ಜೊತೇಲಿ ತಗೊಂಡು ಶಿವಮೊಗ್ಗಕ್ಕೆ ಹೊರಡಿ, ಇಲ್ಲಿ ಈಗ ಡ್ರಿಪ್ ಹಾಕೋರು ಯಾರೂ ಸಿಗಲ್ಲ, ನಾನು ಅಲ್ಲಿಗೆ ಹೇಳಿರ್ತೀನಿ.

ಹಂಡೇಲಿ ಬಿಸಿನೀರು ಇತ್ತು, ಬೆಳ್ಳಿನ ಬಚ್ಚಲಲ್ಲಿ ತೊಳೆದ್ವಿ. ಯಾವತ್ತೂ ನೀರು ಕಂಡ್ರೆ ಮಾರು ದೂರ ಹಾರೋ ಬೆಕ್ಕು ಒದ್ದೆ ಬಟ್ಟೆ ಥರ ಸುಮ್ಮನೆ ಬಿದ್ದಿತ್ತು. ಏಳೂವರೆಗೆ ಕಾರ್ ಹತ್ತಿದ್ವಿ. ಸಾಗರದಿಂದ ಶಿವಮೊಗ್ಗ ಎಪ್ಪತ್ತು ಕಿಲೋಮೀಟರ್ ಮೇಲೆ, ಧೋ ಅಂತ ಮಳೆ, ಗ್ಲಾಸ್ ಏರಿಸಿದ್ದಕ್ಕೆ ಕಾರ್ ತುಂಬ ಕರ್ಪೂರದ ವಾಸನೆ. ಆನಂದಪುರ ದಾಟೋ ಹೊತ್ತಿಗೆ ಚುಕ್ಕಿಗೆ ಮತ್ತೆ ಎರಡು ಸಲ ಫಿಟ್ಸ್ ಬಂತು. ಕುಂಸಿ ಆಚೆ ನನ್ನ ತೊಡೆ ಮೇಲೇ ಹೋಯ್ತು. ನಾನು ಹೇಳ್ಲಿಲ್ಲ, ಡ್ರೈವ್ ಮಾಡ್ತಿದ್ದೋರಿಗೆ ಗೊತ್ತಾದ್ರೆ ಗಾಡಿ ನಿಲ್ಲಿಸ್ತಾರೆ, ಬೆಳ್ಳಿಗೆ ತಡ ಆಗುತ್ತೆ ಅಂತ ಹಾಗೇ ಸೆರಗು ಮುಚ್ಚಿಕೊಂಡು ಕೂತೆ.

ಕ್ಲಿನಿಕ್ಕಲ್ಲಿ ಬೆಳ್ಳಿ ಟೆಂಪರೇಚರ್ ನೋಡಿದ್ರೆ 97, ಬೆಕ್ಕಿಗೆ 101 ಹತ್ರ ಇರ್ಬೇಕಂತೆ. ಫಿಟ್ಸ್ ತಡೆಯೋ ಇಂಜೆಕ್ಷನ್, ಡ್ರಿಪ್, ಬಿಸಿನೀರಿನ ಬಾಟಲಿ ಪಕ್ಕದಲ್ಲಿಟ್ಟು ರಾತ್ರಿಯಿಡೀ ನೋಡ್ಕೊಂಡ್ರು. ಕರ್ಪೂರದ ವಿಷಕ್ಕೆ ಅಂತ ಪ್ರತ್ಯೇಕ ಔಷಧ ಇಲ್ಲ, ಮೈ ಅದನ್ನ ಹೊರಗೆ ಹಾಕೋವರೆಗೂ ಜೀವ ಹಿಡಿದಿಡೋದಷ್ಟೇ ನಮ್ ಕೈಲಿ ಇರೋದು ಅಂದ್ರು ಅಲ್ಲಿನ ಡಾಕ್ಟ್ರಮ್ಮ. ಮೂರನೇ ದಿನ ಅದು ತಾನಾಗಿ ಬೇಯಿಸಿದ ಕೋಳಿ ತಿಂತು. ಬೆಕ್ಕು ಎರಡು ಮೂರು ದಿನ ಏನೂ ತಿನ್ನದೇ ಇದ್ರೆ ಲಿವರ್‌ಗೆ ಕೊಬ್ಬು ತುಂಬ್ಕೊಂಡು ಬೇರೆ ಕಾಯಿಲೆ ಶುರುವಾಗುತ್ತಂತೆ, ಅದಕ್ಕೇ ಅವರು ಊಟದ ಬಗ್ಗೆ ಅಷ್ಟು ಕೇಳ್ತಿದ್ರು.

ಡಾಕ್ಟ್ರಮ್ಮ ಕೂರಿಸ್ಕೊಂಡು ಹೇಳಿದ್ದು ನೀವೂ ಕೇಳಿ. ನಮ್ಮ ಲಿವರ್ ಇಂಥ ಪದಾರ್ಥಗಳನ್ನ ಒಂದು ಎನ್‌ಜೈಮ್ ಇಟ್ಕೊಂಡು ಹೊರಗೆ ಹಾಕೋ ಹಾಗೆ ಮಾಡುತ್ತೆ, ಗ್ಲುಕುರೊನಿಲ್ ಟ್ರಾನ್ಸ್‌ಫರೇಸ್ ಅಂತ ಅದರ ಹೆಸರು. ಬೆಕ್ಕಿಗೆ ಅದು ತುಂಬ ಕಡಿಮೆ, ಹುಟ್ಟಿದ್ದೇ ಹಾಗೆ. ಹಾಗಾಗಿ ನಮಗೆ, ದನಕ್ಕೆ, ಎಷ್ಟೋ ಸಲ ನಾಯಿಗೂ ತಡೆಯೋ ವಸ್ತು ಬೆಕ್ಕಿನ ಮೈಯಲ್ಲಿ ಹಾಗೇ ಉಳ್ಕೊಂಡುಬಿಡುತ್ತೆ. ಜ್ವರ ಅಂತ ಪ್ಯಾರಾಸಿಟಮಾಲ್ ಕೊಡ್ತಾರಲ್ಲ, ಅದೂ ಇದೇ ಕಾರಣಕ್ಕೆ ಬೆಕ್ಕಿಗೆ ವಿಷ, ಒಂದೇ 500 ಮಿಲಿಗ್ರಾಂ ಮಾತ್ರೆ ದೊಡ್ಡ ಬೆಕ್ಕನ್ನೂ ಕೊಲ್ಲಬಹುದು. ಒಸಡು ಕಂದು ಬಣ್ಣಕ್ಕೆ ತಿರುಗಿ ಮುಖ ಊದ್ಕೊಳ್ಳುತ್ತಂತೆ. ಅದಕ್ಕೆ ಔಷಧ ಇದೆ, ಆದ್ರೆ ಗಂಟೆಗಳ ಒಳಗೆ ಹೋಗ್ಬೇಕು.

ಕರ್ಪೂರ ಒಂದೇ ಅಲ್ಲ. ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ, ಶೀತ ಆಗಿದೆ ಅಂತ ಎದೆಗೆ ಹಚ್ಚೋ ಬಾಮ್ (ಅದರಲ್ಲೂ ಕರ್ಪೂರ ಇರುತ್ತೆ), ಬೀರುಗೆ ಹಾಕೋ ನುಸಿಗುಳಿಗೆ, ಇವ್ಯಾವೂ ಬೆಕ್ಕಿನ ಹತ್ರ ಬೇಡ. ಅಂಗಡಿ ಕರ್ಪೂರ ಆಗಿದ್ದಕ್ಕೆ ಹಾಗಾಯ್ತು, ಪಚ್ಚಕರ್ಪೂರ ಹಾಕ್ಬೇಕಿತ್ತು ಅಂತ ನಂಗೆ ಹೇಳಿದೋರೂ ಇದಾರೆ, ದಯವಿಟ್ಟು ಅದನ್ನೂ ನಂಬ್ಬೇಡಿ. ಇನ್ನೊಂದು ಮುಖ್ಯ ವಿಷಯ, ಮನೆಮದ್ದು ಬೇಡ ಅಂತ ಮೆಡಿಕಲ್ ಶಾಪಿಗೆ ಹೋಗಿ ನಾಯಿಗೆ ಹಾಕೋ ಚಿಗಟದ ಡ್ರಾಪ್ಸ್ ತಂದು ಬೆಕ್ಕಿಗೆ ಹಾಕ್ತಾರೆ, ಅದು ಇನ್ನೂ ಅಪಾಯ. ನಾಯಿಯ ಕೆಲವು ಡ್ರಾಪ್ಸಲ್ಲಿ ಪರ್ಮೆಥ್ರಿನ್ ಅನ್ನೋ ಕೀಟನಾಶಕ ಇರುತ್ತೆ, ಅದು ಬೆಕ್ಕಿಗೆ ತಾಗಿದ್ರೆ ಇದೇ ನಡುಕ ಇದೇ ಫಿಟ್ಸ್. ಡಬ್ಬಿ ಮೇಲೆ ಬೆಕ್ಕಿಗೆ ಅಂತ ಬರೆದಿರ್ಬೇಕು, ಎಷ್ಟು ವಾರದ ಮರಿಗೆ ಅಂತಾನೂ ಬರೆದಿರುತ್ತೆ, ಅದನ್ನ ಓದಿ, ತೂಕ ಹೇಳಿ ಡಾಕ್ಟ್ರನ್ನ ಕೇಳೇ ಹಾಕಿ.

ಹಾಗಂತ ಮನೇಲಿ ನಾವು ಮಾಡೋದು ಏನೂ ಇಲ್ಲ ಅಂತಲ್ಲ, ಈಗ ನಾವು ಮಾಡ್ತಿರೋದೇ ಜಾಸ್ತಿ. ಸಣ್ಣ ಹಲ್ಲಿನ ಚಿಗಟದ ಬಾಚಣಿಗೆ ಸಿಗುತ್ತೆ, ದಿನಾ ಬಾಚಿ ಸೋಪಿನ ನೀರಿಗೆ ಅದ್ದೋದು, ಚಿಗಟ ಅಲ್ಲೇ ಮುಳುಗುತ್ತೆ. ಬೆಕ್ಕಿನ ಮೈಮೇಲೆ ಕಾಣೋದು ಸ್ವಲ್ಪ, ಮೊಟ್ಟೆ ಎಲ್ಲ ಉದುರಿ ಹಾಸಿಗೇಲಿ, ನೆಲದ ಸಂದೀಲಿ ಇರುತ್ತೆ, ಅದಕ್ಕೇ ಗೋಣಿಚೀಲ ಸುಟ್ಟುಹಾಕಿ ಹಳೇ ಪಂಚೆ ಹಾಸಿದೀವಿ, ವಾರಕ್ಕೊಮ್ಮೆ ಕುದಿಯೋ ನೀರಲ್ಲಿ ಅದನ್ನ ತೊಳೀತೀವಿ, ಅಟ್ಟ ಗುಡಿಸ್ತೀವಿ. ಇದನ್ನ ಎರಡು ಮೂರು ತಿಂಗಳು ಬಿಡದೆ ಮಾಡ್ಬೇಕು, ಗೂಡಲ್ಲಿರೋ ಮರಿಚಿಗಟ ಅಷ್ಟು ದಿನ ಕಾಯ್ತಾ ಇರುತ್ತೆ. ಚಿಗಟ ನುಂಗಿದ ಬೆಕ್ಕಿಗೆ ಲಾಡಿಹುಳ ಆಗಬಹುದು, ಬಾಲದ ಕೆಳಗೆ ಒಣಗಿದ ಅಕ್ಕಿಕಾಳಿನ ಥರ ಕಂಡ್ರೆ ಅದೇ, ಹುಳದ ಮಾತ್ರೆನೂ ಹಾಕಿಸ್ಬೇಕು. ಮರಿಗಳ ಒಸಡು ನೋಡ್ತಾ ಇರಿ, ಗುಲಾಬಿ ಬಣ್ಣ ಹೋಗಿ ಬೆಳ್ಳಗಾಗಿದ್ರೆ ಚಿಗಟ ರಕ್ತ ಕುಡಿದು ಕುಡಿದು ರಕ್ತ ಕಮ್ಮಿಯಾಗಿದೆ ಅಂತ, ಚುಕ್ಕಿ ಬೆಳೀದೇ ಇದ್ದಿದ್ದೂ ಬಹುಶಃ ಅದಕ್ಕೇ. ಅವತ್ತು ನಾನು ಎಣ್ಣೆ ಕಾಯಿಸೋ ಬದಲು ಸೋಮವಾರ ಬೆಳಿಗ್ಗೆವರೆಗೂ ಸುಮ್ಮನೆ ಬಾಚಿಕೊಂಡು ಕೂತಿದ್ರೆ ಸಾಕಾಗ್ತಿತ್ತು.

ನಿಮ್ಮೂರಲ್ಲಿ ಭಾನುವಾರ ರಾತ್ರಿ ಯಾವ ಕ್ಲಿನಿಕ್ ತೆಗೆದಿರುತ್ತೆ ಅಂತ ಇವತ್ತೇ ವಿಚಾರಿಸಿ ನಂಬರ್ ಬರೆದಿಟ್ಕೊಳ್ಳಿ. ನಮ್ಮನೆ ಕ್ಯಾಲೆಂಡರ್ ಮೇಲೆ ಈಗ ಮೂರು ನಂಬರ್ ಇದೆ, ದೊಡ್ಡಮ್ಮನೇ ದಪ್ಪ ಅಕ್ಷರದಲ್ಲಿ ಬರೆದಿರೋದು. ಅವರು ಆ ಕರ್ಪೂರದ ಡಬ್ಬಿನ ಮುಚ್ಚಳ ಬಿಗಿ ಮಾಡಿ ಬೀಗ ಇರೋ ಕಪಾಟಲ್ಲಿ ಇಟ್ಟಿದಾರೆ. ಕೆಂಚ ಈಗ ಎರಡೂವರೆ ಕೇಜಿ. ಬೆಳ್ಳಿ ಹುಷಾರಾಗಿದೆ, ಸಂಜೆ ಆರತಿ ಹಚ್ಚಿದ್ರೆ ಮಾತ್ರ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತೆ, ವಾಸನೆ ಪೂರ್ತಿ ಹೋಗೋವರೆಗೂ ಒಳಗೆ ಬರಲ್ಲ.